ಒಂದು ಚಿತ್ರಕ್ಕೆ 20 ವರ್ಷ ಯಾಕೆ ಬೇಕು?

ವಿಯೆಟ್ನಾಮಿನ ಲ್ಯಾಕರ್ ಚಿತ್ರಗಳ, ಅಂದರೆ ಮರದ ಹಾಲಿನ ಮೆರುಗು ಬಳಿದು ಮಾಡುವ ಚಿತ್ರಗಳ ಮಾತು ತೆಗೆದರೆ ನನ್ನ ಬಾಯಲ್ಲಿ ಚಿತ್ರಕಾರ ನುಯೆನ್ ಜಿಯಾ ಟ್ರಿ ಹೆಸರು ಬಂದೇ ಬರುತ್ತದೆ. ಅವರ ದೊಡ್ಡ ಚಿತ್ರ ‘ಮಧ್ಯ, ದಕ್ಷಿಣ, ಉತ್ತರದ ವಸಂತದ ತೋಟ’. ಶುರುವಾದದ್ದು 1969ರಲ್ಲಿ, ಮುಗಿದದ್ದು 1989ರಲ್ಲಿ. ಇಷ್ಟು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಒಂದು ಚಿತ್ರಕ್ಕೆ 20 ವರ್ಷ ಯಾಕೆ? ಕೆಲವರು ಉತ್ತರವನ್ನೂ ತಾವೇ ಕೊಡುತ್ತಾರೆ. ‘ಪಾಪ, ತುಂಬಾ ತಾಳ್ಮೆ ಅಲ್ವಾ?’

ತಾಳ್ಮೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಉತ್ತರ ಬೇರೆ. ಈ ಕಲೆಯಲ್ಲಿ ಚಿತ್ರಕಾರನಿಗೆ ತಾನು ಬರೆದದ್ದು ಕಾಣುವುದೇ ಇಲ್ಲ. ಬರೆದು, ಮುಚ್ಚಿ, ಒಣಗಿಸಿ, ಆಮೇಲೆ ಉಜ್ಜಿ ಉಜ್ಜಿ ಹುಡುಕಬೇಕು.

ಲ್ಯಾಕರ್ ಅಂದರೆ ನಮಗೆ ಚನ್ನಪಟ್ಟಣದ ಬೊಂಬೆ ನೆನಪಾಗುತ್ತದೆ. ಅದು ಬೇರೆ, ಇದು ಬೇರೆ. ಚನ್ನಪಟ್ಟಣದ ಅರಗು ಹುಳುವಿನಿಂದ ಬರುತ್ತದೆ, ಬಿಸಿಗೆ ಕರಗಿ ಮರಕ್ಕೆ ಹತ್ತುತ್ತದೆ. ವಿಯೆಟ್ನಾಮಿನದು ಮರದ ಹಾಲು. ಉತ್ತರದ ಫೂ ಥೋ ಕಡೆ ಬಿಸಿಲೇರುವ ಮುಂಚೆಯೇ ತೊಗಟೆ ಕೊಯ್ದು ಇಳಿಸುತ್ತಾರೆ. ಆ ಮರ ನಮ್ಮ ಗೇರು, ಮಾವಿನ ಕುಟುಂಬದ್ದೇ. ಗೇರು ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡ ಕರಾವಳಿಯವರಿಗೆ ಈ ಹಾಲು ಚರ್ಮಕ್ಕೆ ಏನು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ವಿಚಿತ್ರ, ಇದು ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು. ಬಿಸಿಲಿಗಿಟ್ಟು ಬೇಗ ಒಣಗಿಸುವ ಮಾತೇ ಇಲ್ಲ.

ಕೆಲಸ ಹೀಗೆ ನಡೆಯುತ್ತದೆ. ಮರದ ಹಲಗೆಗೆ ಬಟ್ಟೆ ಅಂಟಿಸಿ, ಪದರದ ಮೇಲೆ ಪದರ ಬಳಿದು ಕಪ್ಪಗೆ ನುಣ್ಣಗೆ ಮಾಡುತ್ತಾರೆ. ಅದರ ಮೇಲೆ ಮೊಟ್ಟೆಯ ಚಿಪ್ಪು, ಬೆಳ್ಳಿಯ ಹಾಳೆ, ಚಿನ್ನ, ಇಂಗುಲಿಕದ ಕೆಂಪು. ಆಮೇಲೆ ಎಲ್ಲದರ ಮೇಲೂ ಜಿರಳೆ ರೆಕ್ಕೆಯ ಬಣ್ಣದ ಲ್ಯಾಕರ್ ಎಳೆಯುತ್ತಾರೆ. ಬರೆದದ್ದೆಲ್ಲ ಮಬ್ಬಿನಲ್ಲಿ ಮುಳುಗುತ್ತದೆ. ಒಣಗಿದ ಮೇಲೆ ನೀರು ಹಾಕಿ ಉಜ್ಜಬೇಕು. ಕಡಿಮೆ ಉಜ್ಜಿದರೆ ಬೆಳ್ಳಿ ಮೇಲೆ ಬರುವುದಿಲ್ಲ. ಜಾಸ್ತಿ ಉಜ್ಜಿದರೆ ಬೆಳ್ಳಿಯೇ ಹೋಯಿತು, ಆ ಜಾಗಕ್ಕೆ ಮತ್ತೆ ಮೊದಲಿನಿಂದ ಪದರ ಹಾಕಬೇಕು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೇ ಗೊತ್ತಾಗಬೇಕು.

ಇದು ಪುರಾತನ ಕಲೆ ಅಂತ ಸುಮ್ನೆ ಹೇಳಿಬಿಡುತ್ತಾರೆ. ಲ್ಯಾಕರ್ ಪುರಾತನ, ಚಿತ್ರ ಅಲ್ಲ. ಗುಡಿಯ ಮೂರ್ತಿ, ಪೂಜೆಯ ಸಾಮಾನು, ಪೆಟ್ಟಿಗೆಗಳಿಗೆ ಬಳಿಯುತ್ತಿದ್ದದ್ದನ್ನು ಚಿತ್ರದ ಮಾಧ್ಯಮ ಮಾಡಿದ್ದು 1930ರ ದಶಕದಲ್ಲಿ. 1925ರಲ್ಲಿ ಫ್ರೆಂಚರ ಆಳ್ವಿಕೆಯಲ್ಲಿ ಹನೋಯ್‌ನಲ್ಲಿ ಶುರುವಾದ ಕಲಾಶಾಲೆಯ ಹುಡುಗರು, ಕಸುಬುದಾರರು, ಜೋಸೆಫ್ ಆಂಗಂಬರ್ತಿ ಎಂಬ ಮೇಷ್ಟ್ರು ಸೇರಿ ಇದಕ್ಕೆ ಕೈ ಹಾಕಿದರು. ಲ್ಯಾಕರಿಗೆ ಪೈನ್ ಮರದ ರಾಳ ಬೆರೆಸಿದರೆ ಚೆನ್ನಾಗಿ ಉಜ್ಜಲು ಬರುತ್ತದೆ ಅಂತ ಕಂಡುಕೊಂಡದ್ದೂ ಆಗಲೇ.

1908ರಲ್ಲಿ ಹುಟ್ಟಿದ ಟ್ರಿ ಆ ಶಾಲೆಯಿಂದ 1936ರಲ್ಲಿ ಹೊರಬಂದರು. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದರು, ಫ್ರೆಂಚರ ಜೈಲನ್ನೂ ಕಂಡರು. ಆದರೆ ಮನಸ್ಸು ಇದ್ದದ್ದು ಲ್ಯಾಕರಿನಲ್ಲಿ. ಇದರಲ್ಲಿ ಒಂದು ಪೇಚು ಇದೆ: ಬಿಳಿ ಬಣ್ಣವೇ ಇಲ್ಲ. ಲ್ಯಾಕರೇ ಕಂದು, ಅದಕ್ಕೆ ಬಿಳಿ ಪುಡಿ ಬೆರೆಸಿದರೂ ಕಂದಿಗೇ ತಿರುಗುತ್ತದೆ. ಹಾಗಾಗಿ ಮೊಟ್ಟೆಯ ಚಿಪ್ಪು. ಒಡೆದ ಚಿಪ್ಪಿನ ಚೂರುಗಳಿಂದ ಟ್ರಿ ಹೆಂಗಸರ ಉದ್ದನೆಯ ಬಿಳಿ ಅಂಗಿ ಮಾಡಿದರು. ಹತ್ತಿರ ಹೋದರೆ ಬರೀ ಬಿರುಕು, ದೂರ ನಿಂತರೆ ಬಟ್ಟೆ. ನನಗೆ ಅವರ ಚಿನ್ನಕ್ಕಿಂತ ಈ ಚಿಪ್ಪೇ ಇಷ್ಟ. 1954ರಲ್ಲಿ ಸೈಗಾನ್ ಸೇರಿದರು. 1960ರ ದಶಕದಲ್ಲಿ ಹೆಂಗಸರು, ತೋಟ ಎಲ್ಲ ಬಿಟ್ಟು ಅಮೂರ್ತ ಚಿತ್ರ ಮಾಡಿದರು. ಒಳ್ಳೇ ಹೆಸರಿತ್ತು, ಅದೇ ತೋಟ ಬರೆದುಕೊಂಡು ಆರಾಮಾಗಿ ಇರಬಹುದಿತ್ತು.

ಆಮೇಲೆ ಬಂತು ವಸಂತದ ತೋಟ. 9 ಹಲಗೆ, 2 ಮೀಟರ್ ಎತ್ತರ, 5.4 ಮೀಟರ್ ಅಗಲ. ಮೂರೂ ಸೀಮೆಯ ಹೆಂಗಸರು ಒಂದೇ ತೋಟದಲ್ಲಿ. ಶುರು ಮಾಡಿದಾಗ ದೇಶ ಎರಡು ಹೋಳಾಗಿತ್ತು. 1975ರಲ್ಲಿ ಯುದ್ಧ ಮುಗಿಯಿತು, ಮರುವರ್ಷ ಸೈಗಾನಿನ ಹೆಸರೂ ಹೋಚಿಮಿನ್ ನಗರ ಅಂತ ಬದಲಾಯಿತು. ಚಿತ್ರ ಮುಗಿಯುವ ಹೊತ್ತಿಗೆ ಅವರಿಗೆ 80 ದಾಟಿತ್ತು. 1993ರಲ್ಲಿ ತೀರಿಕೊಂಡರು.

ಹೋಚಿಮಿನ್ ನಗರ ಈ ಚಿತ್ರವನ್ನು ಒಂದು ಲಕ್ಷ ಡಾಲರಿಗೆ ಕೊಂಡು ಅಲ್ಲಿನ ಲಲಿತಕಲಾ ಮ್ಯೂಸಿಯಮ್ಮಿನಲ್ಲಿ ಇಟ್ಟಿತು. 2013ರಲ್ಲಿ ರಾಷ್ಟ್ರೀಯ ನಿಧಿ ಅಂತ ಘೋಷಣೆಯೂ ಆಯಿತು. 2018–19ರಲ್ಲಿ ಕೊಳೆ ತೆಗೆಯಲು ಹೋಗಿ ಪಾತ್ರೆ ತೊಳೆಯುವ ಸೋಪು, ಉಜ್ಜುವ ಪುಡಿ, ಸ್ಯಾಂಡ್‌ಪೇಪರ್ ಬಳಸಿದರು. ಸುಮಾರು ಶೇ. 30ರಷ್ಟು ಹಾಳಾಗಿದೆ ಅಂತ ಅಧಿಕಾರಿಗಳೇ ಹೇಳಿದರು. ಎಷ್ಟು ಉಜ್ಜಿ ಎಲ್ಲಿ ಬಿಡಬೇಕು ಅಂತ ಟ್ರಿ 20 ವರ್ಷ ತೂಗಿ ನೋಡಿದ್ದರು. ಅದರ ಮೇಲೆ ಇನ್ನೊಂದು ಸುತ್ತು ಉಜ್ಜಿದ ಹಾಗಾಯಿತು. ಚಿತ್ರ ಹೇಗಿದೆ ತೋರಿಸಿ ಅಂದವರಿಗೆ ನಾನು ಈಗ 2018ಕ್ಕಿಂತ ಹಿಂದಿನ ಫೋಟೋವನ್ನೇ ತೋರಿಸುತ್ತೇನೆ.