ಬಟ್ಟಿ ಇಳಿಸಿದರೂ ಹೋಗದ ನೀರಿಗೆ ಜಿಯೋಲೈಟ್ ಪೊರೆ

ಎಥನಾಲ್ ಮತ್ತು ನೀರು ಬೆರೆತ ದ್ರವವನ್ನು ಸಾಮಾನ್ಯ ಒತ್ತಡದಲ್ಲಿ ಎಷ್ಟು ಸಲ ಬಟ್ಟಿ ಇಳಿಸಿದರೂ, ತೂಕದಲ್ಲಿ ಸುಮಾರು 95.6% ಎಥನಾಲ್ ಆದಮೇಲೆ ಅದು ಅಲ್ಲೇ ನಿಂತುಬಿಡುತ್ತದೆ. ಆ ಹಂತದಲ್ಲಿ ಮೇಲೇಳುವ ಆವಿಯಲ್ಲೂ ಕೆಳಗಿರುವ ದ್ರವದಲ್ಲೂ ಎರಡರ ಪಾಲು ಒಂದೇ. ಇದನ್ನೇ ಅಜಿಯೋಟ್ರೋಪ್ ಅನ್ನುತ್ತಾರೆ. ಪಾಲು ಒಂದೇ ಆದಮೇಲೆ ಇನ್ನೂ ಕುದಿಸಿ ಏನು ಪ್ರಯೋಜನ? ಹಿಂದೆ ಇದನ್ನು ದಾಟೋಕೆ ಬೆಂಜೀನ್ ಸೇರಿಸಿ ಮತ್ತೆ ಬಟ್ಟಿ ಇಳಿಸುತ್ತಿದ್ದರು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು.

ಇದಕ್ಕೆ ಸಿಕ್ಕಿರುವ ಉತ್ತರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಜಿಯೋಲೈಟ್ ಪೊರೆ. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಆದ ಹರಳು ಜಿಯೋಲೈಟ್. ಅದರೊಳಗೆಲ್ಲ ಒಂದೇ ಅಳತೆಯ ಸಣ್ಣ ಸಣ್ಣ ದಾರಿಗಳು. ರಂಧ್ರವಿರುವ ಅಲ್ಯೂಮಿನಾ ಕೊಳವೆಯ ಮೇಲೆ ಈ ಹರಳುಗಳನ್ನು ಒತ್ತೊತ್ತಾಗಿ ತೆಳುವಾಗಿ ಬೆಳೆಸುತ್ತಾರೆ. ಕೊಳವೆಯ ಹೊರಗೆ ಬಿಸಿ ದ್ರವ ಹರಿಯುತ್ತದೆ, ಒಳಗೆ ನಿರ್ವಾತ. ನೀರು ಪೊರೆ ದಾಟಿ ಆವಿಯಾಗಿ ಕೊಳವೆಯೊಳಗೆ ಬರುತ್ತದೆ, ಎಥನಾಲ್ ಹೊರಗೇ ಉಳಿಯುತ್ತದೆ. ಈ ವಿಧಾನಕ್ಕೆ ಪರ್ವಾಪರೇಶನ್ ಅಂತ ಹೆಸರು. ಇಲ್ಲಿ ಆವಿಯಾಗೋದು ಹೆಚ್ಚುಕಡಿಮೆ ನೀರು ಮಾತ್ರ, ಅಷ್ಟೂ ಎಥನಾಲನ್ನು ಮತ್ತೆ ಮತ್ತೆ ಕುದಿಸಬೇಕಾಗಿಲ್ಲ. ಶಾಖ ಉಳಿತಾಯ ಆಗೋದು ಅಲ್ಲೇ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ಜರಡಿ ಹಿಡಿದ ಹಾಗೆ ಅಂತ. ಈ ಪೊರೆಗೆ ಬಳಸುವ ಎನ್ಎಎ (NaA, ಸೋಡಿಯಂ ಇರುವ ‘ಎ’ ಬಗೆ) ಅನ್ನುವ ಜಿಯೋಲೈಟಿನ ದಾರಿ ಸುಮಾರು 0.4 ನ್ಯಾನೋಮೀಟರ್ ಅಗಲ, ನೀರಿನ ಅಣು 0.26ರ ಆಸುಪಾಸು, ಎಥನಾಲ್ 0.43ರ ಆಸುಪಾಸು, ಹಾಗಾಗಿ ಸಣ್ಣದು ದಾಟಿತು, ದೊಡ್ಡದು ಉಳಿಯಿತು. ಲೆಕ್ಕ ಸರಿಯಾಗೇ ಇದೆ, ಆದರೆ ಇಷ್ಟೇ ಹೇಳಿದರೆ ಮುಖ್ಯವಾದ ಅರ್ಧ ಬಿಟ್ಟುಹೋಗುತ್ತದೆ. ಪೊರೆ ಅಂದರೆ ಒಂದೇ ಹರಳಲ್ಲ, ಲೆಕ್ಕವಿಲ್ಲದಷ್ಟು ಹರಳುಗಳು ಪಕ್ಕಪಕ್ಕದಲ್ಲಿ ಬೆಳೆದದ್ದು, ಅವುಗಳ ನಡುವೆ ಸಂದಿ ಇದ್ದೇ ಇರುತ್ತದೆ, ಮತ್ತು ಆ ಸಂದಿಗಳಲ್ಲಿ ಎಥನಾಲ್ ಸಲೀಸಾಗಿ ನುಗ್ಗಬಹುದು ಅಲ್ವಾ? ಇಂಥದ್ದೇ ಪೊರೆಗೆ ಅನಿಲಗಳನ್ನು ಬೇರ್ಪಡಿಸಲು ಕೊಟ್ಟರೆ ಎಷ್ಟೋ ಸಲ ಸೋಲುತ್ತದೆ. ನೀರು ಇದ್ದಾಗ ಮಾತ್ರ ಗೆಲ್ಲುತ್ತದೆ. ಯಾಕೆಂದರೆ ಎನ್ಎಎಯಲ್ಲಿ ಸಿಲಿಕಾನ್ ಎಷ್ಟೋ ಅಲ್ಯೂಮಿನಿಯಂ ಅಷ್ಟೇ, ಅದರ ಜೊತೆಗೆ ಸೋಡಿಯಂ ಅಯಾನುಗಳು ಬೇರೆ, ಇದರಿಂದ ಅದಕ್ಕೆ ನೀರಿನ ಸೆಳೆತ ವಿಪರೀತ. ನೀರು ಹರಳೊಳಗಿನ ದಾರಿಗಳಲ್ಲೂ ತುಂಬಿಕೊಳ್ಳುತ್ತದೆ, ಹರಳುಗಳ ನಡುವಿನ ಕಿರಿದಾದ ಸಂದಿಗಳಲ್ಲೂ ಕೂತು ಎಥನಾಲಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ. ತೆಗೆಯಬೇಕಾದ ನೀರೇ ಪೊರೆಯ ಕುಂದನ್ನು ಮುಚ್ಚುತ್ತಿದೆ! ದೊಡ್ಡ ಬಿರುಕಿದ್ದರೆ ಮಾತ್ರ ಇದು ನಡೆಯಲ್ಲ.

ಸುಮ್ನೆ ಪ್ರಯೋಗಾಲಯದ ಮಾತಲ್ಲ ಇದು. ಜಪಾನಿನ ಮಿತ್ಸುಯಿ ಕಂಪನಿಯ ದೊಡ್ಡ ಘಟಕವೊಂದರ ವಿವರ 2001ರಲ್ಲಿ ಪ್ರಕಟವಾಯಿತು: 16 ಮಾಡ್ಯೂಲ್ (ಕೊಳವೆಗಳ ಕಟ್ಟು), ಒಂದೊಂದರಲ್ಲೂ 125 ಕೊಳವೆ, 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಥನಾಲಿನಂಥ ದ್ರಾವಕ 90%, ಉಳಿದದ್ದು ನೀರು ಇರುವ ಮಿಶ್ರಣದಲ್ಲಿ ನೀರನ್ನು 0.2%ಗಿಂತ ಕೆಳಗಿಳಿಸಿ ಗಂಟೆಗೆ 530 ಲೀಟರ್ ದ್ರಾವಕ. ಇಂಥ ಘಟಕಗಳಲ್ಲಿ ಶಾಖದ್ದೂ ಒಂದು ತಲೆನೋವಿದೆ. ಆವಿಯಾಗುವ ನೀರು ದ್ರವದಿಂದಲೇ ಶಾಖ ಕಿತ್ತುಕೊಳ್ಳುತ್ತದೆ, ದ್ರವ ತಣ್ಣಗಾದರೆ ನೀರು ದಾಟುವ ವೇಗ ಇಳಿಯುತ್ತದೆ, ಹಾಗಾಗಿ ನಡುನಡುವೆ ಮತ್ತೆ ಕಾಯಿಸಬೇಕು.

ಇದು ಬಟ್ಟಿ ಇಳಿಸುವುದಕ್ಕೆ ಪೂರ್ತಿ ಬದಲಿ ಅಂತ ಮಾರುವವರ ಮಾತನ್ನು ನಾನು ಒಪ್ಪಲ್ಲ. ನೀರು ಜಾಸ್ತಿ ಇರುವಾಗ ಇಷ್ಟು ದುಬಾರಿ ಕೊಳವೆ ಹಾಕೋದರಲ್ಲಿ ಅರ್ಥವಿಲ್ಲ. ಮೊದಲು ಬಟ್ಟಿ, ಕೊನೆಯ ಕೆಲವು ಶೇಕಡಾ ನೀರಿಗೆ ಪೊರೆ, ಇದೇ ಸರಿಯಾದ ಜೋಡಿ. ಇನ್ನೊಂದು ವಿಷಯ, ಎನ್ಎಎಗೆ ಆಮ್ಲ ಆಗಲ್ಲ. ಆಮ್ಲ ತಗುಲಿದರೆ ಅಲ್ಯೂಮಿನಿಯಂ ಕಳಚಿಕೊಂಡು ಹರಳೇ ಕುಸಿಯುತ್ತದೆ. ನೀರಿನ ಸೆಳೆತ ಕೊಡುವುದೂ ಆ ಅಲ್ಯೂಮಿನಿಯಂ, ಆಮ್ಲಕ್ಕೆ ಬಲಿಯಾಗುವುದೂ ಅದೇ. ಅದಕ್ಕೇ ಅಸಿಟಿಕ್ ಆಮ್ಲದಂಥ ದ್ರವಗಳಿಗೆ ಅಲ್ಯೂಮಿನಿಯಂ ಕಡಿಮೆ ಇರುವ ಮಾರ್ಡೆನೈಟ್, ಚಾಬಜೈಟ್ ಥರದ ಜಿಯೋಲೈಟ್‌ಗಳ ಪೊರೆ ಮಾಡುತ್ತಿದ್ದಾರೆ. ನನ್ನ ಕುತೂಹಲವೆಲ್ಲ ಈಗ ಇವುಗಳ ಮೇಲೇ.