ಉಗಾಂಡಾಕ್ಕೆ ಪಾಠ ಮಾಡಲು ಹೊರಟಿದ್ದೀರಾ? ಮೊದಲು ಹಳದಿ ಜ್ವರದ ಸೂಜಿಯ ದಿನ ಗೊತ್ತುಮಾಡಿಕೊಳ್ಳಿ

ವಿಮಾನಕ್ಕೆ ಇನ್ನು 22 ದಿನ ಇತ್ತು. ಬೆಂಗಳೂರಿನ ಲಸಿಕೆ ಕೇಂದ್ರದ ಡಾಕ್ಟರು ನನ್ನ ಚೀಟಿ ನೋಡಿ ಕೇಳಿದರು, "ಐದು ದಿನದ ಹಿಂದೆ ಎಂಎಂಆರ್ ಹಾಕಿಸಿಕೊಂಡಿದ್ದೀರಾ? ಹಾಗಾದ್ರೆ ಇವತ್ತು ಹಳದಿ ಜ್ವರದ್ದು ಕೊಡೋಕಾಗಲ್ಲ. ಅದಾಗಿ ನಾಲ್ಕು ವಾರ ಆದ ಮೇಲೆ ಬನ್ನಿ." ಎಂಎಂಆರ್ ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಸೂಜಿ. ಮಂಡ್ಯದಿಂದ ಕತ್ತಲಲ್ಲೇ ಎದ್ದು ಬಂದಿದ್ದೆ. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ.

ಉಗಾಂಡಾದ ರಾಜಧಾನಿ ಕಂಪಾಲಾದ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ಶಾಲೆಯವರು ಎಂಟು ಲಸಿಕೆಗಳ ಪಟ್ಟಿ ಕಳಿಸಿದ್ದರು. ಅದರಲ್ಲಿ ಕಡ್ಡಾಯ ಅಂತ ಬರೆದಿದ್ದು ಒಂದೇ, ಹಳದಿ ಜ್ವರ (ಯೆಲ್ಲೋ ಫೀವರ್, ಸೊಳ್ಳೆಯಿಂದ ಹರಡುವ ರೋಗ). ಉಗಾಂಡಾಕ್ಕೆ ಹೋಗುವವರು ಒಂದು ವರ್ಷ ದಾಟಿದ ಮಗುವಾದರೂ ಸರಿ, ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡ್ ತೋರಿಸಬೇಕು. ಉಳಿದ ಏಳು, ಹಾಕಿಸಿಕೊಂಡರೆ ಒಳ್ಳೆಯದು ಅನ್ನುವಂಥವು. ಈ ವ್ಯತ್ಯಾಸ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನು ಸೀದಾ ಮೈಸೂರಿನ ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆ. ಅವರು 'ಆಫ್ರಿಕಾ ಪ್ಯಾಕೇಜ್' ಅಂತ ಒಂದೇ ದಿನ ಎಂಎಂಆರ್, ಟೈಫಾಯ್ಡ್, ಹೆಪಟೈಟಿಸ್ ಎ ಮೂರನ್ನೂ ಚುಚ್ಚಿದರು. ದುಡ್ಡು ಕಟ್ಟಿದ ಮೇಲೆ, "ಹಳದಿ ಜ್ವರದ್ದು ನಮ್ಮಲ್ಲಿ ಇಲ್ಲ, ಅದಕ್ಕೆ ಸರ್ಕಾರ ಒಪ್ಪಿದ ಕೇಂದ್ರಕ್ಕೇ ಹೋಗಬೇಕು" ಅಂದರು. ಈ ಮಾತನ್ನು ಸೂಜಿ ಚುಚ್ಚುವ ಮೊದಲು ಹೇಳಬೇಕಿತ್ತು ಅಲ್ವಾ?

ವಿಷಯ ಇಷ್ಟೇ. ಎಂಎಂಆರ್, ಹಳದಿ ಜ್ವರ ಎರಡೂ ಜೀವಂತ ಲಸಿಕೆಗಳು. ರೋಗಾಣುವನ್ನು ದುರ್ಬಲ ಮಾಡಿ ಕೊಡುತ್ತಾರೆ. ಎರಡನ್ನೂ ಒಂದೇ ದಿನ ಬೇರೆ ಬೇರೆ ಜಾಗದಲ್ಲಿ ಚುಚ್ಚಬಹುದು. ಇಲ್ಲವೇ ನಡುವೆ 28 ದಿನ ಬಿಡಬೇಕು. ಹತ್ತಿರ ಹತ್ತಿರ ಕೊಟ್ಟರೆ ಎರಡನೆಯದು ಸರಿಯಾಗಿ ಹಿಡಿಯದೆ ಹೋಗಬಹುದು. ಜೊತೆಗೆ ಹಳದಿ ಜ್ವರದ ಕಾರ್ಡ್ ಊರ್ಜಿತವಾಗುವುದು ಸೂಜಿ ಬಿದ್ದ 10 ದಿನದ ಮೇಲೆ. ಎಂಎಂಆರ್ ಹಾಕಿಸಿದ ದಿನದಿಂದ 28ಕ್ಕೆ 10 ಸೇರಿಸಿ, 38 ದಿನ. ನನ್ನ ವಿಮಾನ ಇದ್ದದ್ದು 27ನೇ ದಿನ. ಟಿಕೆಟ್ ಬದಲಿಸಲು ದುಡ್ಡು ಹೋಯಿತು. ಶಾಲೆಯವರು ತಡವಾಗಿ ಸೇರಲು ಒಪ್ಪಿದರು, ಆದರೆ ಒಂದು ತಿಂಗಳ ಸಂಬಳ ಹೋಯಿತು.

ಬೆಂಗಳೂರಿನ ಕೇಂದ್ರಕ್ಕೆ ಎರಡನೇ ಸಲ ಹೋದಾಗಲೂ ಜನ ಜಾಸ್ತಿ. ಹಡಗಿನ ಕೆಲಸಕ್ಕೆ ಹೊರಟ ಹುಡುಗರು, ಮದುವೆಯಾಗಿ ಗಂಡನ ಜೊತೆ ಹೊರಟ ಹೆಣ್ಣುಮಕ್ಕಳು. ನನಗೆ ಗುಂಪು, ಗದ್ದಲ ಆಗೋದಿಲ್ಲ. ಮೂರು ಗಂಟೆ ಕೂತು ತಲೆ ಸಿಡಿಯಿತು. ಕಾಯಿಸುವುದಕ್ಕೆ ಕಾರಣ ಇದೆ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಔಷಧಿ ಇರುತ್ತೆ. ಒಮ್ಮೆ ಕಲಸಿದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ಜನ ಸೇರುವ ತನಕ ಸೀಸೆ ತೆರೆಯೋದಿಲ್ಲ. ಮೊದಲೇ ಫೋನ್ ಮಾಡಿ ದಿನ ಕೇಳಿಕೊಳ್ಳಿ. ಒರಿಜಿನಲ್ ಪಾಸ್‌ಪೋರ್ಟ್ ತಗೊಂಡು ಹೋಗಿ. ಮೊಟ್ಟೆ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ, 60 ದಾಟಿದ್ದರೆ ಮುಚ್ಚಿಡಬೇಡಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು.

ವಾಪಸ್ ಬರುವಾಗ ಕಂಡಕ್ಟರ್ "ಮಂಡ್ಯ, ಮಂಡ್ಯ" ಅಂತ ಕೂಗಿ ಹತ್ತಿಸಿಕೊಂಡ. ಬಸ್ಸು ಎಕ್ಸ್‌ಪ್ರೆಸ್‌ವೇ ಹಿಡಿದು ಊರೊಳಗೆ ಬರಲೇ ಇಲ್ಲ. ರಾತ್ರಿ ಎಂಟೂವರೆಗೆ ಬೈಪಾಸಿನಲ್ಲಿ ಇಳಿಸಿ ಹೋಯಿತು. ತೋಳು ನೋವು, ಮೈಯೆಲ್ಲ ಬಿಸಿ. ಆಟೋ ಸಿಗಲು ನಲವತ್ತು ನಿಮಿಷ. ಹತ್ತುವ ಮೊದಲೇ ಬಸ್ಸು ಮಂಡ್ಯ ಸ್ಟ್ಯಾಂಡ್ ಒಳಗೆ ಹೋಗುತ್ತಾ ಅಂತ ಕೇಳಿ. ನನ್ನ ಕೇಳಿದರೆ ರೈಲೇ ವಾಸಿ. ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಪಾಸಿನವರ ನೂಕುನುಗ್ಗಲು ಇರುತ್ತೆ, ಆದರೂ ಊರೊಳಗೇ ಇಳಿಸುತ್ತಲ್ಲ.

ಆ ರಾತ್ರಿ ನನ್ನನ್ನು ಉಳಿಸಿದ್ದು ನೂರಡಿ ರಸ್ತೆಯ ಪಕ್ಕದ ಗಲ್ಲಿಯ ಒಂದು ಸಣ್ಣ ಮೆಸ್ಸು. ಬೋರ್ಡ್ ಕೂಡ ಇಲ್ಲ. ನಾಲ್ಕು ಮೇಜು, ಗಂಡ ಹೆಂಡತಿ ಇಬ್ಬರೇ. 60 ರೂಪಾಯಿಗೆ ಬಿಸಿ ರಾಗಿ ಮುದ್ದೆ, ಹುರುಳಿ ಬಸ್ಸಾರು, ಅದೇ ಕಾಳಿನ ಪಲ್ಯ, ಅನ್ನ, ಮಜ್ಜಿಗೆ. ಮುದ್ದೆಯಲ್ಲಿ ಒಂದು ಗಂಟಿಲ್ಲ. ನುಂಗಿದರೆ ಸಲೀಸಾಗಿ ಇಳಿಯುತ್ತೆ. ಸಾರಿಗೆ ಬೆಳ್ಳುಳ್ಳಿ, ಮೆಣಸು ಹದವಾಗಿ ಬಿದ್ದಿತ್ತು. ನಾನು ತೋಳು ಹಿಡಿದು ಕೂತಿದ್ದು ನೋಡಿ ಆಯಮ್ಮ ಕೇಳದೆಯೇ ಇನ್ನೊಂದು ಸೌಟು ಸಾರು ಬಿಟ್ಟರು, ಕಾಸು ತಗೊಳ್ಳಲಿಲ್ಲ. ಹೊರಡುವ ತನಕ ವಾರಕ್ಕೆ ಮೂರು ದಿನ ಅಲ್ಲೇ ಊಟ ಮಾಡಿದೆ. ಕಂಪಾಲಾದಲ್ಲಿ ನನಗೆ ನೆನಪಾಗುವುದು ಆ ಬಸ್ಸಾರೇ.

ಉಳಿದ ಲಸಿಕೆಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಕೊನೆಗೆ ನಿಮ್ಮ ಡಾಕ್ಟರನ್ನೇ ಕೇಳಿ. ಟೈಫಾಯ್ಡ್ ಬೇಕು. ಎಂಎಂಆರ್ ಕೂಡ ಬೇಕು, ಕ್ಲಾಸಿನಲ್ಲಿ ಮಕ್ಕಳ ಮಧ್ಯೆ ಇರುತ್ತೇವಲ್ಲ. ನಾನು ಚಿಕ್ಕವಳಿದ್ದಾಗ ದಡಾರದ್ದು ಒಂದೇ ಸೂಜಿ ಬಿದ್ದಿದ್ದು, ಅದೂ ಅಮ್ಮನ ನೆನಪಿನ ಮೇಲೆ. ಹೆಪಟೈಟಿಸ್ ಎ ಹಾಕಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಳ್ಳಿಯಲ್ಲಿ ಬೋರ್‌ವೆಲ್, ಬಾವಿ ನೀರು ಕುಡಿದು ಬೆಳೆದ ನಮ್ಮಂಥ ಅನೇಕರಿಗೆ ಅದು ಚಿಕ್ಕಂದಿನಲ್ಲೇ ಬಂದು ಹೋಗಿರುತ್ತೆ. ನನ್ನ ಜೊತೆ ಹೊರಟಿದ್ದ ಗೆಳತಿ ಹಾಗೆ ಪರೀಕ್ಷೆ ಮಾಡಿಸಿ ಎರಡೂ ಡೋಸಿನ ದುಡ್ಡು ಉಳಿಸಿದಳು. ನಾನು ಸುಮ್ನೆ ಕಳೆದುಕೊಂಡೆ.

ಕಾದ ದಿನಗಳು ಮಾತ್ರ ಹಾಳಾಗಲಿಲ್ಲ. ಜೀವಂತವಲ್ಲದ ಲಸಿಕೆಗಳಿಗೆ ಈ 28 ದಿನದ ಕಟ್ಟು ಇಲ್ಲ. ಆಗಲೇ ಹೆಪಟೈಟಿಸ್ ಬಿ ಅನ್ನು 0, 7, 21ನೇ ದಿನ ಹಾಕಿಸಿಕೊಂಡೆ. ವರ್ಷದ ಮೇಲೆ ಇನ್ನೊಂದು ಇದೆ. ನಾಯಿ ಕಡಿತದ್ದು ಎರಡು ಡೋಸ್, ಏಳು ದಿನದ ಅಂತರದಲ್ಲಿ. ಇದನ್ನು ಬಹಳ ಜನ ಬಿಡುತ್ತಾರೆ, ನೀವು ಬಿಡಬೇಡಿ. ಮುಂಚೆ ಹಾಕಿಸಿದ್ದರೂ ನಾಯಿ ಕಚ್ಚಿದರೆ ಗಾಯ ಸೋಪು ಹಚ್ಚಿ ತೊಳೆದು ಮತ್ತೆ ಸೂಜಿ ಬೇಕೇ ಬೇಕು. ಆದರೆ ಎಲ್ಲ ಕಡೆ ಸಿಗದ, ದುಬಾರಿಯಾದ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಸೂಜಿ) ಹುಡುಕಿಕೊಂಡು ಓಡುವುದು ತಪ್ಪುತ್ತೆ. ಮಲೇರಿಯಾಗೆ ನಮ್ಮಂಥ ದೊಡ್ಡ ಪ್ರಯಾಣಿಕರಿಗೆ ಕೊಡುವ ಲಸಿಕೆ ಇಲ್ಲ. ಮಾತ್ರೆ ಮತ್ತು ಸೊಳ್ಳೆ ಪರದೆ ಅಷ್ಟೇ.

ಹಳದಿ ಜ್ವರದ ಸೂಜಿ ಒಮ್ಮೆ ಬಿದ್ದರೆ ಸಾಕು. 2016ರ ಜುಲೈ 11ರಿಂದ ಅದರ ಕಾರ್ಡ್ ಜೀವಮಾನಕ್ಕೂ ನಡೆಯುತ್ತೆ. ಊರಿಗೆ ವಾಪಸ್ ಬರುವಾಗ ನಮ್ಮ ದೇಶದವರೂ ಅದನ್ನೇ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಬೇರೆ ಇಡಬಹುದು. ಕೌಂಟರ್ ಬಿಡುವ ಮೊದಲೇ ಹೆಸರು, ಪಾಸ್‌ಪೋರ್ಟ್ ನಂಬರ್, ಸೀಲು ನೋಡಿಕೊಳ್ಳಿ. ನನ್ನದರಲ್ಲಿ ಒಂದು ಅಂಕಿ ತಪ್ಪಿತ್ತು, ಅಲ್ಲೇ ತಿದ್ದಿಸಿದೆ. ಈಗ ಅದು ಪಾಸ್‌ಪೋರ್ಟಿನ ಜೊತೆ ರಬ್ಬರ್ ಬ್ಯಾಂಡಿನಲ್ಲಿದೆ. ಒಂದು ಜೆರಾಕ್ಸ್ ಮಂಡ್ಯದಲ್ಲಿ ಅಮ್ಮನ ಬೀರುವಿನಲ್ಲಿದೆ.