ಎಳ್ಳಿನಷ್ಟು ಅಕ್ಷರ

ಶಿರಸಿಯಲ್ಲಿ ಬೆಳಗಿನಿಂದ ಬಿಡದ ಮಳೆ. ಆಯಿ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಮೂಳೆ ಸವೆತದ ಬಗ್ಗೆ ಓದುತ್ತಿದ್ದಳು. ಪುಟದಲ್ಲಿ ಹತ್ತು ಪ್ರಶ್ನೆ, ಹತ್ತಕ್ಕೂ 'ಹೌದು' ಒತ್ತಿದ್ದಾಳೆ. ಕೂಡಲೇ ವೈದ್ಯರನ್ನು ಕಾಣಿ ಎಂದಿತು.

"ನೋಡು ತಮಾ, ಎಷ್ಟು ಕಾಳಜಿ!"

ಪುಟವನ್ನು ಕೆಳಗೆ, ಇನ್ನೂ ಕೆಳಗೆ ಸರಿಸಿದೆ. ತಳದಲ್ಲಿ ಎಳ್ಳಿನಷ್ಟು ಅಕ್ಷರ: ಮಾಹಿತಿ ಒಂದು ಔಷಧ ಕಂಪನಿಯದು. ಅದೇ ಕಾಯಿಲೆಗೆ ಇಂಜೆಕ್ಷನ್ ಮಾರುವವರು!

ಬರೆದದ್ದು ಸುಳ್ಳಲ್ಲ, ತೊಡಕು ಅಲ್ಲೇ. ನಡಿಗೆಗೆ, ರಾಗಿಗೆ ಒಂದು ಸಾಲು. ಔಷಧಕ್ಕೆ ಮೂರು ಪ್ಯಾರಾ.

ಔಷಧ ಪ್ರಚಾರಕ್ಕೆಂದು ಕೇಂದ್ರ ಸರ್ಕಾರ ತಂದ 2024ರ ಸಂಹಿತೆಯಂತೆ ಕಂಪನಿಗಳು ವೈದ್ಯರಿಗೆ ಉಡುಗೊರೆ ಕೊಡುವಂತಿಲ್ಲ. ಆಯಿಗೆ ಪ್ರಶ್ನೆಪತ್ರಿಕೆ ಕೊಡಬಹುದೇನೋ.

ಇದನ್ನೆಲ್ಲ ಹೇಳಿದೆ. ಆಯಿ ಕನ್ನಡಕದ ಮೇಲಿನಿಂದ ನೋಡಿದಳು.

"ಹಾಗಾದರೆ ನಮ್ಮ ಡಾಕ್ಟರರ ಮೇಜಿನ ಮೇಲಿನ ಆ ಪೆನ್ನು ಯಾರದು?"